ಸೂರಿನಡಿಯ ಹುಳು: ಡಾರ್ವಿನ್ ನಗರದ ಮನೆಹಲ್ಲಿಯ ಶ್ವಾಸಕೋಶದಲ್ಲಿ ಸಿಕ್ಕ ಪರಾವಲಂಬಿಯ ಪ್ರಕರಣ

ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದಲ್ಲಿ ಕತ್ತಲಾದ ಮೇಲೆ ಜಗಲಿಯ ದೀಪ ಹಾಕಿದರೆ ಗೋಡೆಗೆ ಬರುವ ಹಲ್ಲಿ ನಮಗೆಲ್ಲ ಪರಿಚಯದ್ದೇ. ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್ ಎಂಬ ಈ ಮನೆಹಲ್ಲಿಯ ಮೂಲ ನೆಲೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾ. ಕರ್ನಾಟಕದ ಗೋಡೆಗಳ ಮೇಲೆ ಲೊಚಗುಟ್ಟುವ ಹಲ್ಲಿಗಳಲ್ಲಿ ಇದೂ ಒಂದು. ಹಡಗಿನ ಸರಕಿನ ಸಂದಿಯಲ್ಲಿ ಅಡಗಿ ಸಮುದ್ರ ದಾಟಿದ ಅದು 1960ರ ದಶಕದ ಹೊತ್ತಿಗೆ ಡಾರ್ವಿನ್‌ನಲ್ಲಿ ನೆಲೆಯೂರಿತ್ತು. ಬಂದದ್ದು ಒಂಟಿಯಾಗಿ ಅಲ್ಲ. ಅದರ ಶ್ವಾಸಕೋಶದೊಳಗೆ ರೈಲಿಯೆಟಿಯೆಲ್ಲಾ ಫ್ರೆನೇಟಾ ಎಂಬ, ರಕ್ತ ಕುಡಿದು ಬದುಕುವ ಪರಾವಲಂಬಿಯೂ ಬಂತು.

ಈ ಪರಾವಲಂಬಿ ಬಹುಕಾಲ ಮನೆಗಳ ಆಸುಪಾಸಿನಲ್ಲೇ ಉಳಿಯಿತು. ಆಮೇಲೆ ಇನ್ನೊಂದು ಹೊರಗಿನ ಪ್ರಾಣಿ ಊರಿಗೆ ಬಂದದ್ದೇ ತಡ, ಅದರ ಮೈಯನ್ನೂ ಹೊಕ್ಕಿತು. ಪಟ್ಟಣ ಬೆಳೆಯುವಾಗ ಹಲ್ಲಿ, ಓತಿ, ಹಾವುರಾಣಿಗಳ ಹುಳುಗಳಿಗೆ ಏನಾಗುತ್ತದೆ ಎಂದು ಕೇಳುವವರು ಮೊದಲು ಓದಬೇಕಾದ ಪ್ರಕರಣ ಇದು ಎಂಬುದು ನಮ್ಮ ಅಭಿಪ್ರಾಯ. ಹುಳುವಿನ ಹಣೆಬರಹ ಹಲ್ಲಿಯೊಂದರ ಕೈಯಲ್ಲಿಲ್ಲ. ಸೂರು, ದೀಪ, ಜಿರಳೆ ಮೂರೂ ಸೇರಿ ಅದನ್ನು ಬರೆಯುತ್ತವೆ ಎಂಬುದು ಇಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಹುಳುವಿನ ರೂಪ, ಸಿಗಡಿಯ ಬಳಗ

ನೋಡಲು ಇದು ಹುಳುವೇ. ಬೆಳ್ಳಗೆ, ಮೈತುಂಬ ಉಂಗುರದಂಥ ಗೆರೆ. ಬಲಿತ ಹೆಣ್ಣು ಸುಮಾರು ಒಂದು ಸೆಂಟಿಮೀಟರ್ ಉದ್ದ, ಗಂಡು ಅದಕ್ಕಿಂತ ಬಹಳ ಚಿಕ್ಕದು. ನಾಲಗೆ ಹುಳುಗಳು ಎಂದು ಕರೆಯುವ ಪೆಂಟಸ್ಟೋಮಿಡಾ ಗುಂಪಿಗೆ ಸೇರಿದ ಇವು ದುಂಡುಹುಳುಗಳಿಗೂ ಲಾಡಿಹುಳುಗಳಿಗೂ ನಂಟಲ್ಲ. 1972ರಲ್ಲಿ ವೀರ್ಯಾಣುವಿನ ರಚನೆಯನ್ನೂ 1989ರಲ್ಲಿ ರೈಬೋಸೋಮಿನ ಆರ್‌ಎನ್‌ಎಯನ್ನೂ ಹೋಲಿಸಿ ನೋಡಿದಾಗ, ಇವುಗಳ ಹತ್ತಿರದ ನೆಂಟ ಮೀನಿನ ಮೈಗೆ ಅಂಟುವ ಹೇನು ಎಂದು ತಿಳಿಯಿತು. ಅಂದರೆ ಏಡಿ ಸಿಗಡಿಗಳ ವಂಶ. ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಮೈಮೇಲೆ ಪೊರೆ ಇದೆ, ಬೆಳೆಯಬೇಕಾದರೆ ಪೊರೆ ಕಳಚಬೇಕು. ಬಾಯಿಯ ಸುತ್ತ ನಾಲ್ಕು ಕೊಕ್ಕೆಗಳಿವೆ, ಅವನ್ನು ಶ್ವಾಸಕೋಶದ ಗೋಡೆಗೆ ಚುಚ್ಚಿಕೊಂಡು ನಿಲ್ಲುತ್ತದೆ. ಚರ್ಮದ ಗ್ರಂಥಿಗಳಿಂದ ಒಂದು ಸ್ರಾವ ಸುರಿಸಿ ಮೈಗೆ ಬಳಿದುಕೊಳ್ಳುತ್ತದೆ. ಆಶ್ರಯ ಕೊಟ್ಟ ಪ್ರಾಣಿಯ ರೋಗನಿರೋಧಕ ಶಕ್ತಿ ಅದನ್ನು ಬೇಗ ಪತ್ತೆಹಚ್ಚದಿರಲು ಈ ಲೇಪವೇ ಕಾರಣ. ಹೀಗಾಗಿ ಶ್ವಾಸಕೋಶದಲ್ಲಿ ಹುಳು ಇದ್ದೂ ಹಲ್ಲಿ ಹೊರನೋಟಕ್ಕೆ ದಷ್ಟಪುಷ್ಟವಾಗಿ ಕಾಣಬಹುದು.

ದೀಪದ ಕೆಳಗೆ ಸುತ್ತುವ ಚಕ್ರ

ಹೆಣ್ಣು ಶ್ವಾಸಕೋಶದಲ್ಲೇ ಮೊಟ್ಟೆ ಬಿಡುತ್ತದೆ. ಮೊಟ್ಟೆ ಲೋಳೆಯೊಂದಿಗೆ ಗಂಟಲಿಗೆ ಏರಿ, ಹಲ್ಲಿ ಅದನ್ನು ನುಂಗಿ, ಕೊನೆಗೆ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಮೊಟ್ಟೆಯೊಳಗೆ ಆಗಲೇ ನಾಲ್ಕು ಮೋಟು ಕಾಲಿನ ಮರಿ ಸಿದ್ಧವಾಗಿರುತ್ತದೆ. ಹಿಕ್ಕೆಯನ್ನು ಜಿರಳೆ ತಿಂದರೆ ಮರಿ ಅದರ ಕರುಳು ಕೊರೆದು ಒಡಲಿಗೆ ಇಳಿಯುತ್ತದೆ, ಹಲವು ವಾರ ಪೊರೆ ಕಳಚುತ್ತಾ ಸೋಂಕು ತರುವ ಹಂತಕ್ಕೆ ಬೆಳೆಯುತ್ತದೆ. ಆ ಜಿರಳೆಯನ್ನು ಹಲ್ಲಿ ತಿಂದಾಗ ಮರಿ ಹೊಟ್ಟೆಯ ಗೋಡೆ ದಾಟಿ ಶ್ವಾಸಕೋಶ ಸೇರುತ್ತದೆ. ಈ ಕುಲದ ಇನ್ನೊಂದು ಜಾತಿಗೆ ನಮ್ಮ ಬಚ್ಚಲುಗಳ ಕೆಂಪು ಜಿರಳೆ, ಪೆರಿಪ್ಲನೇಟಾ ಅಮೆರಿಕಾನಾ, ಮಧ್ಯಂತರ ಆಶ್ರಯವೆಂದು 1966ರಲ್ಲೇ ತೋರಿಸಲಾಗಿತ್ತು.

ಈಗ ಒಂದು ಮನೆಯ ಸೂರನ್ನು ನೆನೆಯಿರಿ. ದೀಪಕ್ಕೆ ಹುಳಹುಪ್ಪಟೆ ಮುತ್ತುತ್ತವೆ, ಅವನ್ನು ಹಿಡಿಯಲು ಹಲ್ಲಿಗಳು ಹತ್ತಿಪ್ಪತ್ತು ಅಡಿ ಗೋಡೆಯಲ್ಲೇ ದಟ್ಟವಾಗಿ ಸೇರುತ್ತವೆ. ಅವುಗಳ ಹಿಕ್ಕೆ ದಿನವೂ ಅದೇ ಜಾಗಕ್ಕೆ ಬೀಳುತ್ತದೆ. ಮೇಲೆ ಮಾಡು ಇರುವುದರಿಂದ ಮಳೆ ಅದನ್ನು ತೊಳೆಯುವುದಿಲ್ಲ, ಬಿಸಿಲು ಒಣಗಿಸುವುದಿಲ್ಲ. ಗೋಡೆಯ ಬುಡದ ಚರಂಡಿಯಿಂದ ರಾತ್ರಿ ಜಿರಳೆ ಹೊರಬರುತ್ತದೆ. ಮೊಟ್ಟೆ, ಜಿರಳೆ, ಹಲ್ಲಿ ಮೂರೂ ಎರಡು ಮೀಟರಿನೊಳಗೆ. ಕಾಡಿನಲ್ಲಿ ಹಲ್ಲಿಗಳು ಚದುರಿರುತ್ತವೆ, ಹಿಕ್ಕೆ ತರಗೆಲೆಯಲ್ಲಿ ಕಳೆದುಹೋಗುತ್ತದೆ, ಅದನ್ನು ತಿನ್ನುವುದು ಜಿರಳೆಯೋ ಇರುವೆಯೋ ಹೇಳಲಾಗದು. ಎರಡು ಆಶ್ರಯ ಬೇಕಾದ ಪರಾವಲಂಬಿಗೆ ಸೂರು ಸಿಕ್ಕಷ್ಟು ಅನುಕೂಲ ಮರ ಕೊಡುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಮನೆಹಲ್ಲಿ ಹೊಸ ಊರಿಗೆ ಹೋಗುವುದು ಗೋಡೆಯಿಂದ ಗೋಡೆಗೆ ನಡೆದಲ್ಲ, ಲಾರಿಯಲ್ಲಿ, ಪೀಠೋಪಕರಣದ ಸಂದಿಯಲ್ಲಿ, ಗಿಡದ ಕುಂಡದಲ್ಲಿ. ಒಂದು ಕಟ್ಟಡಕ್ಕೆ ಮೊದಲು ಬಂದಿಳಿಯುವುದು ಒಂದೆರಡು ಹಲ್ಲಿ. ಅವುಗಳಲ್ಲಿ ಒಂದಕ್ಕಾದರೂ ಬಸುರಿ ಹುಳು ಇರಬೇಕು, ಮೊಟ್ಟೆ ಬೀಳುವ ಕಾಲಕ್ಕೆ ಅಲ್ಲಿ ಜಿರಳೆ ಇರಬೇಕು, ಆ ಜಿರಳೆ ಬದುಕಿದ್ದು ಹಲ್ಲಿಯ ಬಾಯಿಗೇ ಬೀಳಬೇಕು. ಹಲ್ಲಿ ಗೆದ್ದ ಎಷ್ಟೋ ಕಡೆ ಹುಳು ಸೋಲುವುದು ಇದರಿಂದ. ಇದೇ ಹಲ್ಲಿಯ ಕರುಳಿನಲ್ಲಿರುವ ಸೂಜಿಹುಳುಗಳಿಗೆ ಈ ತಾಪತ್ರಯವಿಲ್ಲ. ಫ್ಯಾರಿಂಗೊಡಾನ್ ಬಳಗದ ಈ ದುಂಡುಹುಳುಗಳಿಗೆ ಮಧ್ಯವರ್ತಿ ಬೇಕಿಲ್ಲ, ಹಿಕ್ಕೆಯ ಮೊಟ್ಟೆ ನೇರವಾಗಿ ಇನ್ನೊಂದು ಹಲ್ಲಿಯ ಬಾಯಿಗೆ ಹೋದರೆ ಸಾಕು. ಆದ್ದರಿಂದ “ಪಟ್ಟಣದಲ್ಲಿ ಹುಳು ಹೆಚ್ಚೋ ಕಡಿಮೆಯೋ” ಎಂದು ಒಟ್ಟಾಗಿ ಕೇಳುವುದರಲ್ಲಿ ಅರ್ಥವಿಲ್ಲ. ಒಂದೊಂದು ಹುಳುವಿನ ಚಕ್ರ ಹಿಡಿದು ಬೇರೆಬೇರೆಯಾಗಿ ಕೇಳಬೇಕು.

ನೆಲಗಪ್ಪೆ ಬಂದ ಮೇಲೆ

ಕಬ್ಬಿನ ದುಂಬಿ ತಿನ್ನಲಿ ಎಂದು ಹವಾಯಿಯಿಂದ ತಂದ ಕೇನ್ ಟೋಡ್ ಎಂಬ ಭಾರೀ ನೆಲಗಪ್ಪೆಯನ್ನು 1935ರಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿಟ್ಟರು. ದುಂಬಿ ತಿನ್ನಲಿಲ್ಲ, ಪಶ್ಚಿಮಕ್ಕೆ ಹಬ್ಬುತ್ತಾ 2000ರ ದಶಕದ ನಡುವಿನಲ್ಲಿ ಡಾರ್ವಿನ್ ಸೀಮೆ ತಲುಪಿತು. ಅದು ಬೀದಿದೀಪದ ಕೆಳಗೆ ಕೂತು ಬಿದ್ದ ಹುಳುವನ್ನೆಲ್ಲ ನುಂಗುವ ಪ್ರಾಣಿ, ಜಿರಳೆಯನ್ನೂ ಬಿಡುವುದಿಲ್ಲ. ಹಲ್ಲಿಗೆಂದು ಜಿರಳೆಯಲ್ಲಿ ಕಾದಿದ್ದ ಮರಿ ನೆಲಗಪ್ಪೆಯ ಹೊಟ್ಟೆ ಸೇರಿತು. ಅಲ್ಲಿ ಸಾಯುವ ಬದಲು ಶ್ವಾಸಕೋಶಕ್ಕೆ ಹೋಗಿ ಬಲಿಯಿತು, ಮೊಟ್ಟೆಯನ್ನೂ ಇಟ್ಟಿತು.

ಸಿಡ್ನಿ ವಿಶ್ವವಿದ್ಯಾಲಯದ ರಿಕ್ ಶೈನ್ ತಂಡದಲ್ಲಿ ಕ್ರಿಸ್ಟಲ್ ಕೆಲೆಹಿಯರ್ ಈ ಹುಳುವಿನ ಬೆನ್ನು ಹತ್ತಿದರು. ನಿಂತುಹೋಗಿದ್ದ ಪರಾವಲಂಬಿಯ ದಾಳಿಗೆ ಹೊಸ ಆಶ್ರಯವೊಂದು ಬಂದು ಮತ್ತೆ ಜೀವ ಕೊಟ್ಟಿತು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಕಾರಣ ಊಹಿಸುವುದು ಕಷ್ಟವಲ್ಲ. ಹಲ್ಲಿ ಒಂದು ಗೋಡೆಗೆ ಅಂಟಿಕೊಂಡಿರುತ್ತದೆ, ನೆಲಗಪ್ಪೆ ಮಳೆಗಾಲದ ಒಂದೇ ರಾತ್ರಿಯಲ್ಲಿ ನೂರಾರು ಮೀಟರ್ ನಡೆಯುತ್ತದೆ. ಮನೆಯಂಗಳದಲ್ಲಿ ತಿಂದದ್ದನ್ನು ಹೊಳೆದಂಡೆಯಲ್ಲಿ ಹಾಕುತ್ತದೆ. ಮನೆಗಳ ಸುತ್ತಲೇ ಬಾಳುವ ಅಲ್ಲಿನ ಹಸಿರು ಮರಗಪ್ಪೆಯಲ್ಲೂ ಇದೇ ಹುಳು ಸಿಕ್ಕಿತು. ಇದಕ್ಕೆ ತಿರುಗಾಮುರುಗಾ ಇನ್ನೊಂದೂ ನಡೆದಿದೆ: ಆಸ್ಟ್ರೇಲಿಯಾದ್ದೇ ಆದ ವ್ಯಾಡಿಸೆಫಾಲಸ್ ಎಂಬ ನಾಲಗೆ ಹುಳು, ಬಲಿತಾಗ ಹಾವಿನ ಶ್ವಾಸಕೋಶದಲ್ಲಿ ಇರುವಂಥದ್ದು, ಏಷ್ಯಾದಿಂದ ಬಂದ ಮನೆಹಲ್ಲಿಯ ಮೈಯಲ್ಲಿ ಸಿಕ್ಕಿದೆ. ಹೊಸ ಹಲ್ಲಿ ಹುಳು ತರುತ್ತದೆ, ಊರಿನ ಹುಳುವಿಗೆ ಮನೆಯೂ ಆಗುತ್ತದೆ.

ಹೆಸರು ತಪ್ಪಿದ ಬಗೆ

ಈ ಪ್ರಕರಣದಲ್ಲಿ ಪ್ರಯೋಗಾಲಯದವರು ಕಲಿಯಬೇಕಾದ ಭಾಗ ಇದು. ಹವಾಯಿಯ ಕೇನ್ ಟೋಡ್‌ಗಳಲ್ಲಿ ರೈಲಿಯೆಟಿಯೆಲ್ಲಾ ಇಂಡಿಕಾ ಇದೆ ಎಂದು 1993ರಲ್ಲಿ ದಾಖಲಾಗಿತ್ತು. ಆಸ್ಟ್ರೇಲಿಯಾದ ನೆಲಗಪ್ಪೆಗಳ ಪೂರ್ವಿಕರು ಬಂದದ್ದು ಹವಾಯಿಯಿಂದಲೇ. ಹಾಗಾಗಿ ಅವುಗಳ ಶ್ವಾಸಕೋಶದಲ್ಲಿ ಇಂಥ ಹುಳು ಸಿಕ್ಕಾಗ, ಅವೇ ಹೊತ್ತು ತಂದಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ರ‍್ಯಾಬ್ಡಿಯಾಸ್ ಎಂಬ ಶ್ವಾಸಕೋಶದ ದುಂಡುಹುಳುವನ್ನು ಅವು ಹೊತ್ತು ತಂದದ್ದೂ ನಿಜ. ಆದರೆ 2011ರಲ್ಲಿ ದೇಹರಚನೆ, ಬೆಳವಣಿಗೆಯ ಅಳತೆ, ಡಿಎನ್‌ಎ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಾಲಗೆ ಹುಳು ಮನೆಹಲ್ಲಿಯದ್ದು ಎಂದು ಖಚಿತವಾಯಿತು.

ಗೊಂದಲದ ಬೇರು ಇರುವುದು ಕೊಕ್ಕೆಯ ಅಳತೆಯಲ್ಲಿ. ಈ ಕುಲದ ಜಾತಿಗಳನ್ನು ಬೇರ್ಪಡಿಸಲು ಕೊಕ್ಕೆಯ ಉದ್ದ, ಬುಡದ ಅಗಲ, ತುದಿ ಚೂಪೋ ಮೊಂಡೋ, ಮೈಯ ಉಂಗುರಗಳ ಎಣಿಕೆ, ಗಂಡಿನ ಸಂಭೋಗ ಕಡ್ಡಿಯ ಆಕಾರ ಇವನ್ನು ನೋಡುವುದು ರೂಢಿ. ಹುಳು ಪೊರೆ ಕಳಚುತ್ತಾ ಬೆಳೆದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಎಳೆಯ ಹುಳುವಿನ ಕೊಕ್ಕೆ ಅಳೆದು ಪುಸ್ತಕದ ಪಟ್ಟಿಗೆ ಹೋಲಿಸಿದರೆ, ಒಂದೇ ಜಾತಿ ಎರಡು ಜಾತಿಯಾಗಿ ಕಾಣುತ್ತದೆ. ಪೂರ್ತಿ ಬಲಿತ ಹುಳುವಿನ ಅಳತೆ ಮಾತ್ರ ಗುರುತಿಗೆ ಯೋಗ್ಯ. ಹೆಣ್ಣಾದರೆ ಗರ್ಭಕೋಶದಲ್ಲಿ ಮರಿ ಕಾಣುವ ಮೊಟ್ಟೆ ತುಂಬಿರಬೇಕು. ಗಂಡು ಸಿಗದೇ ಇರುವುದೂ ಸಾಮಾನ್ಯ. ಇವು ಕೂಡುವುದು ಗಂಡು ಹೆಣ್ಣು ಒಂದೇ ಗಾತ್ರದಲ್ಲಿರುವ ಎಳೆಯ ಪ್ರಾಯದಲ್ಲಿ. ಗಂಡು ಬೇಗ ಸಾಯುತ್ತದೆ, ಹೆಣ್ಣು ಉಳಿದು ಮೊಟ್ಟೆ ಇಡುತ್ತಿರುತ್ತದೆ.

ಪರೀಕ್ಷೆ ಮಾಡುವ ಬಗೆ

ಹಲ್ಲಿಯನ್ನು ಕೊಲ್ಲದೆ ಶುರುಮಾಡುವುದಾದರೆ ಹಿಕ್ಕೆಯೇ ದಾರಿ. ಸಂಜೆ ದೀಪದ ಕೆಳಗೆ ಬಿಳಿ ಕಾಗದ ಹಾಸಿ, ಅಂಚಿಗೆ ಕಲ್ಲಿಟ್ಟು, ಬೆಳಕು ಹರಿಯುವ ಮೊದಲು ಎತ್ತಬೇಕು. ಹಲ್ಲಿಯ ಹಿಕ್ಕೆಗೆ ಒಂದು ತುದಿಯಲ್ಲಿ ಬಿಳಿ ಗುಂಡು ಇರುತ್ತದೆ, ಅದು ಯೂರಿಕ್ ಆಮ್ಲ. ಇಲಿಯ ಹಿಕ್ಕೆಗೆ ಇರುವುದಿಲ್ಲ. ಆ ಬಿಳಿಯನ್ನು ಸೂಜಿಯಿಂದ ಬೇರ್ಪಡಿಸಿ ಬಿಸಾಡಿ. ಬಿಟ್ಟರೆ ಸ್ಲೈಡಿನ ತುಂಬ ಹರಳು ತುಂಬಿ ಮೊಟ್ಟೆ ಮರೆಯಾಗುತ್ತದೆ. ಕೈಗವಸು ಕಡ್ಡಾಯ. ಹಲ್ಲಿಗೆ ವಿಷವಿಲ್ಲ, ಆದರೆ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಡುಗೆಗೆ ಬಿದ್ದ ಹಲ್ಲಿಯ ವಿಷಯದಲ್ಲೂ ನಿಜವಾದ ಚಿಂತೆ ಅದೇ.

ಹಿಕ್ಕೆ ಸಾಸಿವೆಗಿಂತ ತುಸು ದೊಡ್ಡದಿರುವುದರಿಂದ ದನದ ಸಗಣಿಗೆ ಮಾಡುವ ಎಣಿಕೆಯ ವಿಧಾನ ಇಲ್ಲಿ ನಡೆಯದು. ಒಂದು ಹಿಕ್ಕೆಯನ್ನು 0.85% ಉಪ್ಪುನೀರಿನ ನಾಲ್ಕೈದು ಹನಿಯಲ್ಲಿ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ, 10 ಮಿಲಿ ಕೊಳವೆಗೆ ಹಾಕಿ ನೀರು ತುಂಬಿಸಿ. ಅರ್ಧ ಗಂಟೆ ಅಲುಗಿಸದೆ ಇಟ್ಟು ಮೇಲಿನ ನೀರು ಚೆಲ್ಲಿ. ಹೀಗೆ ಮೂರು ಸಲ. ತಳದ ಗಸಿಯನ್ನು ಪೂರ್ತಿ, ಹನಿಹನಿಯಾಗಿ, ಕವರ್‌ಸ್ಲಿಪ್ ಹಾಕಿ 100 ಪಟ್ಟು ದೊಡ್ಡದು ಮಾಡಿ ನೋಡಿ. ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ ಅಡುಗೆ ಉಪ್ಪು ಕರಗಿಸಿದ ದ್ರಾವಣದಲ್ಲಿ ಮೊಟ್ಟೆ ತೇಲಿಸುವುದು ಸೂಜಿಹುಳುವಿಗೆ ಸರಿ. ನಾಲಗೆ ಹುಳುವಿನ ಮೊಟ್ಟೆ ದೊಡ್ಡದು, ಭಾರ. ಅದು ತೇಲದೆ ತಳದಲ್ಲೇ ಉಳಿಯಬಹುದು. ಆದ್ದರಿಂದ ತೇಲಿಸುವ ವಿಧಾನ ಒಂದನ್ನೇ ಮಾಡಿ “ಇಲ್ಲ” ಎಂದು ಬರೆಯಬಾರದು.

ಇಲ್ಲಿ ಕಣ್ಣು ಮೋಸ ಹೋಗುವುದು ನುಸಿಯ ಮೊಟ್ಟೆಯಿಂದ. ಹಲ್ಲಿಯ ಚರ್ಮದಲ್ಲಿ ಕೆಂಪು ನುಸಿ ಇರುತ್ತದೆ, ತಿಂದ ಕೀಟದ ಮೈಯಲ್ಲೂ ನುಸಿ ಇರುತ್ತದೆ. ಅವುಗಳ ಮೊಟ್ಟೆಯೊಳಗೂ ಕಾಲಿರುವ ಮರಿ ಕಾಣುತ್ತದೆ. ಕಾಲು ಎಣಿಸಿ. ನುಸಿಮರಿಗೆ ಗಂಟುಗಂಟಾದ ಆರು ಕಾಲು, ನಾಲಗೆ ಹುಳುವಿನ ಮರಿಗೆ ಕೊಕ್ಕೆಯಿರುವ ನಾಲ್ಕು ಮೋಟುಕಾಲು. ಇನ್ನೊಂದು ಮೋಸ ಹಳೆಯ ಹಿಕ್ಕೆಯದು. ಒದ್ದೆ ನೆಲದಲ್ಲಿ ಬಿದ್ದಿದ್ದರೆ ಮಣ್ಣಿನ ದುಂಡುಹುಳು ಅದರೊಳಗೆ ಸೇರಿಕೊಂಡಿರುತ್ತದೆ, ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಬಾಗಿಲ ಸಂದಿಗೆ ಸಿಕ್ಕಿ ಸತ್ತ ಹಲ್ಲಿ, ದಾರಿಯಲ್ಲಿ ಗಾಲಿಗೆ ಸಿಕ್ಕ ಓತಿ ದೊರೆತರೆ ಅದೇ ದಿನ ಸೀಳಬೇಕು. ಆಗದಿದ್ದರೆ ಐಸ್ ಪೆಟ್ಟಿಗೆ. ಮೂತಿಯ ತುದಿಯಿಂದ ಮಲದ್ವಾರದವರೆಗಿನ ಉದ್ದ ಮಿಲಿಮೀಟರಿನಲ್ಲಿ, ತೂಕ, ಲಿಂಗ, ಬಾಲ ಮೂಲದ್ದೋ ಮತ್ತೆ ಬೆಳೆದದ್ದೋ ಎಂದು ಬರೆದುಕೊಳ್ಳಿ. ಹೊಟ್ಟೆಯ ನಡುಗೆರೆಯಲ್ಲಿ ಕತ್ತರಿಸುವಾಗ ಕತ್ತರಿಯ ತುದಿ ಮೇಲ್ಮುಖವಾಗಿರಲಿ. ಶ್ವಾಸಕೋಶ ಎರಡು ತೆಳು ಚೀಲ. ಬೆಳಕಿಗೆ ಹಿಡಿದರೆ ಒಳಗಿನ ಹುಳು ಗೋಡೆಯ ಮೂಲಕವೇ ಕಾಣುತ್ತದೆ. ಅದನ್ನು ಉಪ್ಪುನೀರಿನ ತಟ್ಟೆಯಲ್ಲಿ ಬಿಡಿಸಿ. ಹೊಸಬರು ತಪ್ಪುವುದು ಇಲ್ಲೇ: ಚಿಮುಟದಿಂದ ಹುಳುವನ್ನು ಎಳೆದರೆ ತಲೆ ಹರಿದು ಕೊಕ್ಕೆಗಳು ಶ್ವಾಸಕೋಶದಲ್ಲೇ ಉಳಿಯುತ್ತವೆ, ಕೊಕ್ಕೆಯಿಲ್ಲದ ಹುಳುವಿಗೆ ಹೆಸರಿಡಲಾಗದು. ಕೊಕ್ಕೆ ಕಚ್ಚಿದ ಅಂಗಾಂಶವನ್ನು ಸುತ್ತಲೂ ಕತ್ತರಿಸಿ ಹುಳುವಿನೊಂದಿಗೇ ತೆಗೆಯಿರಿ, ಆಮೇಲೆ ಸೂಜಿಯಿಂದ ಬಿಡಿಸಿ.

ನಂತರ ಜಠರ, ಸಣ್ಣ ಕರುಳು, ದೊಡ್ಡ ಕರುಳು, ಪಿತ್ತಕೋಶ ಪ್ರತಿಯೊಂದೂ ಬೇರೆ ಬೇರೆ ತಟ್ಟೆಗೆ. ದೊಡ್ಡ ಕರುಳಿನಲ್ಲಿ ಸೂಜಿಹುಳು, ಸಣ್ಣ ಕರುಳಿನಲ್ಲಿ ಊಕೊರಿಸ್ಟಿಕಾದಂಥ ಲಾಡಿಹುಳು, ಪಿತ್ತಕೋಶದಲ್ಲಿ ಚಪ್ಪಟೆಹುಳು ಹುಡುಕಬೇಕು. ಜಠರದ ಗೋಡೆಯಲ್ಲಿ ಗಂಟು ಕಂಡರೆ ಒಡೆದು ನೋಡಿ. ಒಳಗೆ ಸುರುಳಿಯಾಗಿ ಮಲಗಿದ ದುಂಡುಹುಳುವಿನ ಮರಿ ಇರಬಹುದು. ಓತಿಯಲ್ಲಾದರೆ ಚರ್ಮದಡಿಯನ್ನೂ ರಕ್ತದ ಸ್ಲೈಡನ್ನೂ ಬಿಡಬಾರದು. ಚೆನ್ನೈನ ಗಿಂಡಿಯ ಓತಿಗಳಲ್ಲಿ ಸಿಕ್ಕ ಕೋನಿಸ್ಪಿಕ್ಯುಲಮ್ ಎಂಬ ಫೈಲೇರಿಯಾ ಹುಳು ಕ್ಯೂಲೆಕ್ಸ್ ಸೊಳ್ಳೆಯೊಳಗೆ ಬೆಳೆಯುತ್ತದೆ ಎಂದು ಸಿ. ಜಿ. ಪಂಡಿತ್ ಮತ್ತು ಜೊತೆಗಾರರು 1929ರಲ್ಲೇ ತೋರಿಸಿದ್ದರು. ಕೊಳಚೆನೀರಿನಲ್ಲಿ ಹುಟ್ಟುವ ಆ ಸೊಳ್ಳೆ ಪಟ್ಟಣ ಬೆಳೆದಲ್ಲೆಲ್ಲ ಬೆಳೆಯುತ್ತದೆ. ಜಿರಳೆಯ ಜಾಗದಲ್ಲಿ ಸೊಳ್ಳೆ ಬಂತು, ಅಷ್ಟೇ ವ್ಯತ್ಯಾಸ.

ದುಂಡುಹುಳುವನ್ನು ತಣ್ಣನೆಯ ಮದ್ಯಸಾರಕ್ಕೆ ಹಾಕಿದರೆ ಸುರುಟಿ ಹಾಳಾಗುತ್ತದೆ. 70% ಎಥನಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 60ರಿಂದ 65 ಡಿಗ್ರಿಗೆ ಕಾಯಿಸಿ (ನೇರ ಬೆಂಕಿ ಬೇಡ, ಹೊತ್ತಿಕೊಳ್ಳುತ್ತದೆ) ಅದರಲ್ಲಿ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಒಂದು ಹಲ್ಲಿಯಲ್ಲಿ ಹಲವು ಹುಳು ಸಿಕ್ಕರೆ ಕೆಲವನ್ನು ಡಿಎನ್‌ಎಗಾಗಿ 95% ಎಥನಾಲಿನಲ್ಲಿ ಪ್ರತ್ಯೇಕ ಇಡಿ. ಫಾರ್ಮಲಿನ್ ಮುಟ್ಟಿದ ಹುಳು ಆ ಕೆಲಸಕ್ಕೆ ಬಾರದು. ಕೊಕ್ಕೆ ನೋಡಲು ತಲೆಯ ಭಾಗವನ್ನು ಲ್ಯಾಕ್ಟೋಫಿನಾಲಿನಲ್ಲಿ ಪಾರದರ್ಶಕವಾಗುವವರೆಗೆ ಇಟ್ಟು, ಕೊಕ್ಕೆ ಮಗ್ಗುಲಾಗಿ ಮಲಗಿದಾಗಲೇ ಅಳೆಯಬೇಕು. ಓರೆಯಾಗಿದ್ದರೆ ಉದ್ದ ಕಡಿಮೆ ಬರುತ್ತದೆ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿಯನ್ನು ಎಥನಾಲ್ ತೊಳೆದುಹಾಕುತ್ತದೆ.

ಎಣಿಕೆ ದಾರಿ ತಪ್ಪುವ ಕಡೆ

ಹುಳುಗಳು ಹಲ್ಲಿಗಳಲ್ಲಿ ಸಮನಾಗಿ ಹಂಚಿರುವುದಿಲ್ಲ. ಬಹಳ ಹಲ್ಲಿಗಳಲ್ಲಿ ಒಂದೂ ಇಲ್ಲ, ಒಂದೆರಡರಲ್ಲಿ ರಾಶಿ. ಸರಾಸರಿ ಮಾತ್ರ ಕೊಟ್ಟರೆ ಆ ಒಂದೆರಡು ಹಲ್ಲಿಯೇ ಊರಿನ ಕಥೆ ಹೇಳಿದಂತಾಗುತ್ತದೆ. ನೂರಕ್ಕೆ ಎಷ್ಟರಲ್ಲಿ ಸೋಂಕಿದೆ, ಸೋಂಕಿರುವ ಹಲ್ಲಿಗೆ ತಲಾ ಎಷ್ಟು ಹುಳು, ಈ ಎರಡನ್ನೂ ಬೇರೆ ಬೇರೆಯಾಗಿ, ಒಂದೊಂದು ಹಲ್ಲಿಯ ಲೆಕ್ಕದ ಜೊತೆ ಕೊಡಬೇಕು. 30 ಹಲ್ಲಿ ನೋಡಿ ಒಂದರಲ್ಲೂ ಸಿಗದಿದ್ದರೆ ಹುಳು ಇಲ್ಲವೆಂದಲ್ಲ. ನೂರಕ್ಕೆ 10ರವರೆಗೆ ಸೋಂಕಿದ್ದರೂ 30ರಲ್ಲಿ ಸೊನ್ನೆ ಬರುವ ಸಾಧ್ಯತೆ ಇನ್ನೂ ಉಳಿದಿರುತ್ತದೆ. ಮರಿಹಲ್ಲಿಗಳು ಇನ್ನೂ ಅಷ್ಟು ಜಿರಳೆ ತಿಂದಿರುವುದಿಲ್ಲ, ದೊಡ್ಡ ಜಿರಳೆ ಅವುಗಳ ಬಾಯಿಗೂ ಹಿಡಿಯದು. ಒಂದು ಕಡೆ ಮರಿಗಳನ್ನೂ ಇನ್ನೊಂದು ಕಡೆ ಬಲಿತವನ್ನೂ ಹಿಡಿದು ಹೋಲಿಸಿದರೆ ಕಾಣುವ ವ್ಯತ್ಯಾಸ ವಯಸ್ಸಿನದ್ದು, ಪಟ್ಟಣದ್ದಲ್ಲ. ಹಿಕ್ಕೆಯಲ್ಲಿ ಮೊಟ್ಟೆ ಇಲ್ಲದಿರುವುದಕ್ಕೂ ಇದೇ ಎಚ್ಚರ ಬೇಕು: ಹುಳು ಇನ್ನೂ ಎಳೆಯದಿದ್ದರೆ ಮೊಟ್ಟೆ ಎಲ್ಲಿಂದ ಬರಬೇಕು?

ಹೋಲಿಕೆಯ ಘಟಕವೂ ಮುಖ್ಯ. ಒಂದೇ ಕಟ್ಟಡದಿಂದ 20 ಹಲ್ಲಿ ತಂದರೆ ಅದು 20 ಮಾದರಿಯಲ್ಲ, ಒಂದೇ ಸೂರಿನ ಮಾದರಿ. ಮೇಲೆ ನೆನೆದ ಸೂರಿನಲ್ಲಿ ಚಕ್ರ ಎರಡು ಮೀಟರಿನೊಳಗೇ ಸುತ್ತುತ್ತದೆ ಎಂಬುದನ್ನು ನೆನಪಿಡಬೇಕು. 20 ಕಟ್ಟಡಗಳಿಂದ ಎರಡೆರಡು ಹಲ್ಲಿ ಸಿಕ್ಕರೆ ಹೇಳಬಹುದಾದದ್ದು ಬಹಳ ಹೆಚ್ಚು.

ನಮ್ಮ ಊರುಗಳಲ್ಲಿ

ಕರ್ನಾಟಕದಲ್ಲಿ ಮನೆಹಲ್ಲಿ ಹೊರಗಿನದಲ್ಲ, ಹಾಗಾಗಿ ಡಾರ್ವಿನ್‌ನ ಕಥೆಯನ್ನು ಇಲ್ಲಿಗೆ ಹಾಗೇ ಎತ್ತಿ ತರಲಾಗದು. ಆದರೆ ಕೆರೆಯಂಗಳ, ಕಲ್ಲುಕ್ವಾರಿ, ತೋಟಗಳ ಪಕ್ಕ ಹೊಸ ಬಡಾವಣೆ ಎದ್ದಾಗ ಬಂಡೆಯ ಮೇಲಿದ್ದ ಓತಿ, ಬೇಲಿಯ ಓತಿಕ್ಯಾತ, ಹಾವುರಾಣಿ ಎಲ್ಲವೂ ಮೊದಲ ಬಾರಿಗೆ ಸೂರು, ದೀಪ, ಚರಂಡಿಯ ಜಿರಳೆಗಳ ಪಕ್ಕಕ್ಕೆ ಬರುತ್ತವೆ. ಕೇಳಬೇಕಾದ ಪ್ರಶ್ನೆ ಅಲ್ಲಿದೆ: ಮನೆಹಲ್ಲಿಯ ನಾಲಗೆ ಹುಳು ಆ ಜಿರಳೆಯ ಮೂಲಕ ಯಾರ ಶ್ವಾಸಕೋಶ ಸೇರುತ್ತಿದೆ? ನಮ್ಮ ನೆಲಗಪ್ಪೆಯೂ ದೀಪದ ಕೆಳಗೇ ಕೂರುವುದು.

ಕಾಡುಪ್ರಾಣಿಯನ್ನು ಹಿಡಿಯಲು, ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಬೇಕಾದೀತು. ಉಡದಂಥ ಪ್ರಾಣಿಯ ಮೈ ಮುಟ್ಟುವ ಮಾತೇ ಇಲ್ಲ. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಂಡು, ಮನೆಗಳ ಹಿಕ್ಕೆ ಮತ್ತು ತಾನಾಗಿ ಸತ್ತವುಗಳಿಂದ ಆರಂಭಿಸುವುದು ಸರಿ. ಜಿರಳೆಯನ್ನು ಹಿಡಿಯಲು ಯಾರ ಅಪ್ಪಣೆಯೂ ಬೇಡ. ಬಾಯಿಯ ಒಳಅಂಚಿಗೆ ಎಣ್ಣೆ ಸವರಿದ ಗಾಜಿನ ಜಾಡಿಯಲ್ಲಿ ಬ್ರೆಡ್ಡಿನ ಚೂರು ಹಾಕಿ ಚರಂಡಿಯ ಪಕ್ಕ ಇಟ್ಟರೆ ಬೆಳಗಾಗುವುದರೊಳಗೆ ಬಿದ್ದಿರುತ್ತದೆ. ಅದರ ಒಡಲನ್ನು ಉಪ್ಪುನೀರಿನಲ್ಲಿ ಬಿಡಿಸಿ ನೋಡಿದರೆ, ಹಲ್ಲಿಯೊಂದನ್ನೂ ನೋಯಿಸದೆ ಚಕ್ರದ ನಡುಗೊಂಡಿ ಸಿಗುತ್ತದೆ.

ಪ್ರತಿ ಮಾದರಿಯ ಚೀಟಿಯಲ್ಲಿ ಜಾತಿ, ದಿನಾಂಕ, ಜಾಗ ಎಲ್ಲರೂ ಬರೆಯುತ್ತಾರೆ. ಅದರ ಜೊತೆಗೆ ಇಷ್ಟನ್ನೂ ಸೇರಿಸಿ: ದೀಪ ಎಷ್ಟು ದೂರದಲ್ಲಿತ್ತು, ರಾತ್ರಿಯಿಡೀ ಉರಿಯುತ್ತಿತ್ತೇ, ಮೇಲೆ ಮಾಡಿತ್ತೇ, ಚರಂಡಿ ತೆರೆದಿತ್ತೇ ಮುಚ್ಚಿತ್ತೇ, ಆ ತಿಂಗಳು ಜಿರಳೆಗೆ ಔಷಧಿ ಹೊಡೆದಿದ್ದರೇ.